ತೂಕ ಇಳಿಸುವವರ ಬಟ್ಟಲಲ್ಲಿ ಅನ್ನ ಇರಲಿ

ಮಂಗಳೂರಿನಲ್ಲಿ ಯಾರಾದರೂ ತೂಕ ಇಳಿಸಲು ಹೊರಟರೆ ಮೊದಲು ಬಿಡುವುದು ಅನ್ನ. ಆಮೇಲೆ ರಾತ್ರಿ ಊಟ. ಆಮೇಲೆ ತೆಂಗಿನಕಾಯಿ. ಇಷ್ಟೆಲ್ಲ ಬಿಟ್ಟು, ಬೆಳಗ್ಗೆ ಒಂದು ಗಂಟೆ ನಡಿಗೆ, ಸಂಜೆ ಜಿಮ್ ಅಂತ ಶುರು ಮಾಡುತ್ತಾರೆ. ಕದ್ರಿ ಪಾರ್ಕಿನಲ್ಲಿ, ಮಂಗಳಾ ಸ್ಟೇಡಿಯಂನಲ್ಲಿ ಬೆಳಗ್ಗೆ ನಡೆಯುವಾಗ ಕಿವಿಗೆ ಬೀಳುವುದೂ ಇದೇ ಮಾತು. "ನಾನು ಅನ್ನ ಮುಟ್ಟದೆ ಮೂರು ತಿಂಗಳಾಯ್ತು ಮಾರಾಯ್ತಿ." "ನನ್ನದು ರಾತ್ರಿ ಬರೀ ಪಪ್ಪಾಯಿ." ಹೇಳುವವರ ದನಿಯಲ್ಲಿ ಹೆಮ್ಮೆ ಇರುತ್ತದೆ. ಕೇಳುವವರಿಗೆ ತಾವೂ ಇನ್ನೊಂದೆರಡು ತುತ್ತು ಬಿಡಬೇಕೇನೋ ಅನಿಸುತ್ತದೆ.

ಈ ಮಾತು ಕೇಳಿದಾಗಲೆಲ್ಲ ನನಗೆ ಆತಂಕವಾಗುತ್ತದೆ. ತೂಕ ಇಳಿಸುವುದು ತಪ್ಪಲ್ಲ. ಶುಗರ್, ಬಿಪಿ, ಮೊಣಕಾಲು ನೋವು ಇಲ್ಲದ ಮನೆ ನಮ್ಮ ಬೀದಿಯಲ್ಲಿ ಹುಡುಕಬೇಕು. ಇಳಿಸಬೇಕಾದವರು ಇಳಿಸಲೇಬೇಕು. ಆದರೆ ದುಡಿಮೆ ಜಾಸ್ತಿ ಮಾಡಿ, ಅದೇ ಹೊತ್ತಿಗೆ ಊಟವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ದೇಹ ಎಲ್ಲಿಂದ ತರಬೇಕು? ದಿನಾ ವ್ಯಾಯಾಮ ಮಾಡುವವರು ತೂಕ ಇಳಿಸುವಾಗಲೂ ಸಾಕಷ್ಟು ತಿನ್ನಬೇಕು. ಈ ಮಾತು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ಸ್ವಲ್ಪ ಲೆಕ್ಕ ಮಾಡೋಣ. ಒಬ್ಬ ಹೆಂಗಸು, ವಯಸ್ಸು 38, ತೂಕ 70 ಕೆ.ಜಿ., ಎತ್ತರ 158 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಇವರು ಇಡೀ ದಿನ ಚಾಪೆ ಮೇಲೆ ಸುಮ್ನೆ ಮಲಗಿದ್ದರೂ ಹೃದಯ ಬಡಿಯಬೇಕು, ಉಸಿರಾಡಬೇಕು, ಮಿದುಳು, ಮೂತ್ರಪಿಂಡ, ಲಿವರ್ ಎಲ್ಲ ಕೆಲಸ ಮಾಡಬೇಕು. ಅದಕ್ಕೆ ಎಷ್ಟು ಕ್ಯಾಲೊರಿ ಬೇಕು ಅಂತ ಅಂದಾಜು ಮಾಡಲು 1990ರಲ್ಲಿ ಬಂದ ಒಂದು ಸೂತ್ರವಿದೆ. ಮಿಫ್ಲಿನ್-ಸೇಂಟ್ ಜಿಯೋರ್ ಅಂತ ಅದರ ಹೆಸರು. ಇವತ್ತಿಗೂ ಆಹಾರ ತಜ್ಞರು ಹೆಚ್ಚಾಗಿ ಬಳಸುವುದು ಅದನ್ನೇ. ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ಅದರಿಂದ ವಯಸ್ಸಿನ 5 ಪಟ್ಟು ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಬೇಕು, ಗಂಡಸರಾದರೆ 5 ಕೂಡಿಸಬೇಕು. ನಮ್ಮ ಈ ಹೆಂಗಸಿಗೆ ಸುಮಾರು 1340 ಬರುತ್ತದೆ.

ಇದು ಬರೀ ಮಲಗಿದ್ದರೆ. ಮನೆಕೆಲಸ, ಆಫೀಸು, ಬಸ್ಸಿಗೆ ಓಡುವುದು, ಮೇಲೆ ವಾರದಲ್ಲಿ ನಾಲ್ಕೈದು ದಿನ ಒಳ್ಳೆ ವ್ಯಾಯಾಮ ಸೇರಿದರೆ ದಿನದ ಖರ್ಚು 2000 ದಾಟುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಅಂದಾಜೂ ಇದಕ್ಕೆ ದೂರವಿಲ್ಲ. 55 ಕೆ.ಜಿ. ತೂಕದ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಕ್ಯಾಲೊರಿ, ಮಧ್ಯಮ ದುಡಿಮೆಯವರಿಗೆ 2130 ಅಂತ ಅದು ಹೇಳುತ್ತದೆ.

ಈಗ ಇನ್ನೊಂದು ಕಡೆ ನೋಡಿ. ನಮ್ಮ ಬೆಳಗಿನ ಗುಂಪಿನಲ್ಲಿ ಒಬ್ಬ ಅಕ್ಕ ಇದ್ದಾರೆ. ಬೆಳಗ್ಗೆ ಎದ್ದು ಗ್ರೀನ್ ಟೀ. ನಡಿಗೆ ಮುಗಿಸಿ ಒಂದು ಸೇಬು. ಮಧ್ಯಾಹ್ನ ಮುಳ್ಳುಸೌತೆ, ಕ್ಯಾರೆಟ್ ಹೆಚ್ಚಿ ಉಪ್ಪು ಮೆಣಸು ಹಾಕಿ ತಿನ್ನುವುದು. ಸಂಜೆ ಒಂದು ಚಹಾ. ರಾತ್ರಿ ಏಳಕ್ಕೆ ಎರಡು ಚಪಾತಿ, ಸ್ವಲ್ಪ ಪಲ್ಯ. ಮುಗಿಯಿತು. ಕೂಡಿಸಿದರೆ 700 ದಾಟುವುದು ಕಷ್ಟ. ಮಲಗಿದ್ದರೂ ಬೇಕಾಗುವ ಲೆಕ್ಕದಲ್ಲಿ ಇದು ಹೆಚ್ಚೆಂದರೆ ಅರ್ಧ. ಅದರಲ್ಲೇ ಅವರು ಐದು ಕಿಲೋಮೀಟರ್ ಬಿರುಸಾಗಿ ನಡೆಯುತ್ತಿದ್ದರು, ಸಂಜೆ ಜುಂಬಾಕ್ಕೂ ಹೋಗುತ್ತಿದ್ದರು.

ಮೊದಲು ತೂಕ ಸರಸರ ಇಳಿಯಿತು. ಎಲ್ಲರೂ ಹೊಗಳಿದರು. ಆಮೇಲೆ ಏಪ್ರಿಲ್ ತಿಂಗಳ ಸೆಕೆಯಲ್ಲಿ, ನಾವೆಲ್ಲ ಸೆರಗಿನಿಂದ ಬೆವರು ಒರೆಸಿಕೊಳ್ಳುವಾಗ, ಅವರು "ಫ್ಯಾನ್ ಸ್ವಲ್ಪ ಕಡಿಮೆ ಮಾಡಿ, ಚಳಿ ಆಗ್ತದೆ" ಅಂದರು. ನನಗೆ ಅದು ಮೊದಲ ಸೂಚನೆ. ಕೂದಲು ಉದುರುವುದು ಅದಕ್ಕೂ ಮೇಲೆ ಶುರುವಾಯಿತು. ಊಟ ತೀರಾ ಕಡಿಮೆಯಾದ ಎರಡು ಮೂರು ತಿಂಗಳಿಗೆ ಕೂದಲು ಹೀಗೆ ಗೊಂಚಲು ಗೊಂಚಲಾಗಿ ಬರುವುದುಂಟು. ತಿಂಗಳುಗಳ ಹಿಂದಿನ ಊಟಕ್ಕೂ ಇವತ್ತಿನ ಬಾಚಣಿಗೆಗೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಎಣ್ಣೆ ಬದಲಾಯಿಸುತ್ತಾರೆ, ಕಾರ್ಪೊರೇಶನ್ ನೀರನ್ನು ಬೈಯುತ್ತಾರೆ.

ದೇಹಕ್ಕೆ ಡಯಟ್ ಅಂದರೆ ಏನು ಗೊತ್ತು? ಅದಕ್ಕೆ ಗೊತ್ತಿರುವುದು ಆಟಿ ತಿಂಗಳು ಮಾತ್ರ. ನಮ್ಮ ಕಡೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ. ಈಗ ಅದು ಪತ್ರೊಡೆ, ತಜಂಕ್ ಪಲ್ಯ, ಕಣಿಲೆ ಸುಕ್ಕ ಮಾಡಿ ಸಂಭ್ರಮಪಡುವ 'ಆಟಿಡೊಂಜಿ ದಿನ' ಆಗಿದೆ. ಹಿಂದೆ ಹಾಗಿರಲಿಲ್ಲ. ಜಡಿಮಳೆ, ಕೆಲಸವಿಲ್ಲ, ಕಡಲಿಗೆ ಇಳಿಯುವ ಹಾಗಿಲ್ಲ, ಹಿಂದಿನ ಬೆಳೆಯ ಅಕ್ಕಿ ತಳ ಮುಟ್ಟಿದೆ, ಹೊಸ ಬೆಳೆ ಗದ್ದೆಯಲ್ಲಿದೆ. ಗುಡ್ಡೆಯ ಸೊಪ್ಪು, ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಬೀಜ ಇವೇ ಹೊಟ್ಟೆ ಹಿಡಿದು ನಿಲ್ಲಿಸಿದ್ದು. ಅಂಥ ತಿಂಗಳಲ್ಲಿ ಮನೆಯ ಹಿರಿಯರು ಏನು ಮಾಡುತ್ತಿದ್ದರು? ಖರ್ಚು ಬಿಗಿ ಹಿಡಿಯುತ್ತಿದ್ದರು. ಅಕ್ಕಿ ಅಳೆದು ಹಾಕುತ್ತಿದ್ದರು. ಮದುವೆ ಮುಂಜಿ ಮುಂದೆ ಹಾಕುತ್ತಿದ್ದರು. ದೇಹವೂ ಅದನ್ನೇ ಮಾಡುತ್ತದೆ. ಕೈಕಾಲು ಬೆಚ್ಚಗಿಡುವುದು, ಕೂದಲು ಬೆಳೆಸುವುದು, ಮುಟ್ಟು, ಮೂಳೆ ದುರಸ್ತಿ, ಇವೆಲ್ಲ ಅದರ ಲೆಕ್ಕದಲ್ಲಿ ಸದ್ಯಕ್ಕೆ ಮುಂದೆ ಹಾಕಬಹುದಾದ ಖರ್ಚು.

ಈ ಬಿಗಿ ಹಿಡಿಯುವ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಈಗ ತಕ್ಕಮಟ್ಟಿಗೆ ಗೊತ್ತಾಗಿದೆ. ಕೊಬ್ಬಿನ ಕೋಶಗಳೇ ಲೆಪ್ಟಿನ್ ಅನ್ನುವ ಹಾರ್ಮೋನ್ ಬಿಡುತ್ತವೆ. ಇದನ್ನು ಗುರುತಿಸಿದ್ದು 1994ರಲ್ಲಿ. ಮನೆಯಲ್ಲಿ ದಾಸ್ತಾನು ಇದೆ ಅಂತ ಮಿದುಳಿಗೆ ತಿಳಿಸುವುದು ಅದರ ಕೆಲಸ. ಊಟ ಒಮ್ಮೆಲೇ ಕಡಿಮೆಯಾದರೆ ಕೊಬ್ಬು ಕರಗುವ ಮೊದಲೇ ಲೆಪ್ಟಿನ್ ಇಳಿದುಬಿಡುತ್ತದೆ. ಹಸಿವು ಹೆಚ್ಚಿಸುವ ಗ್ರೆಲಿನ್ ಏರುತ್ತದೆ. ರಾತ್ರಿ ಹತ್ತಕ್ಕೆ ಫ್ರಿಜ್ ಬಾಗಿಲು ತೆಗೆದು ನಿಂತವರನ್ನು ಮನಸ್ಸು ಗಟ್ಟಿಯಿಲ್ಲದವರು ಅನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಅವರ ಮೈ ಅವರನ್ನು ಎಬ್ಬಿಸಿ ಕರೆದುಕೊಂಡು ಬಂದಿದೆ.

ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಯುದ್ಧದಲ್ಲಿ ಹಸಿದು ಸೊರಗಿದ ಜನರಿಗೆ ಮತ್ತೆ ಹೇಗೆ ಊಟ ಕೊಡಬೇಕು ಅಂತ ತಿಳಿಯುವುದು ಉದ್ದೇಶ. ಬಂದೂಕು ಹಿಡಿಯಲು ಒಪ್ಪದ 36 ಗಂಡಸರು ತಾವಾಗಿಯೇ ಮುಂದೆ ಬಂದರು. ಆರೋಗ್ಯವಂತ ಯುವಕರು. ಮೊದಲು ದಿನಕ್ಕೆ ಸುಮಾರು 3200 ಕ್ಯಾಲೊರಿ ತಿನ್ನುತ್ತಿದ್ದವರಿಗೆ 24 ವಾರ ಅದರ ಅರ್ಧ, ಸರಿಸುಮಾರು 1570 ಮಾತ್ರ ಕೊಟ್ಟರು. ವಾರಕ್ಕೆ 35 ಕಿಲೋಮೀಟರ್ ನಡೆಯಲೂಬೇಕಿತ್ತು.

ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಜೊತೆಗೆ ಇಳಿದದ್ದು ಬಹಳ. ನಾಡಿ ನಿಧಾನವಾಯಿತು. ಚಳಿ ತಡೆಯಲಾಗದಾಯಿತು. ಮೆಟ್ಟಿಲು ಹತ್ತಲು ಕಷ್ಟ. ಮಾತು ಕಡಿಮೆ, ಸಿಟ್ಟು ಜಾಸ್ತಿ, ಮನಸ್ಸಿಗೆ ಮಂಕು. ಅಡುಗೆ ಬಗ್ಗೆ ಆಸಕ್ತಿಯೇ ಇಲ್ಲದಿದ್ದ ಹುಡುಗರು ಅಡುಗೆ ಪುಸ್ತಕ ತಂದು ಓದತೊಡಗಿದರು. ಬಟ್ಟಲಲ್ಲಿದ್ದ ಒಂದಿಷ್ಟು ಆಲೂಗಡ್ಡೆಯನ್ನು ಗಂಟೆಗಟ್ಟಲೆ ತಿಂದರು. ನನ್ನನ್ನು ತಡೆದು ನಿಲ್ಲಿಸಿದ್ದು ಆ 1570 ಅನ್ನುವ ಸಂಖ್ಯೆ. ಆ ಹುಡುಗರು ಯುವಕರು, ಅವರ ಅಗತ್ಯ ನಮ್ಮ ಅಕ್ಕನಿಗಿಂತ ತುಂಬಾ ಹೆಚ್ಚು, ಹಾಗಾಗಿ ನೇರ ಹೋಲಿಸುವ ಹಾಗಿಲ್ಲ. ಆದರೂ ಅವರಿಗೆ ಕೊಟ್ಟದ್ದು ಅಗತ್ಯದ ಅರ್ಧ. ನಮ್ಮ ಅಕ್ಕ ತಿನ್ನುತ್ತಿದ್ದದ್ದು ಅವರ ಅಗತ್ಯದ ಮೂರರಲ್ಲಿ ಒಂದು ಭಾಗ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಿ ಹೇಳಬೇಕು. "ಕಡಿಮೆ ತಿಂದರೆ ದೇಹ ಕೊಬ್ಬು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ತೂಕ ಏರುತ್ತದೆ" ಅಂತ ಕೆಲವರು ಹೇಳುತ್ತಾರೆ. ಹಾಗಾಗುವುದಿಲ್ಲ. ಮಿನ್ನೆಸೋಟದ ಹುಡುಗರು ಸೊರಗಿ ಕಡ್ಡಿಯಾಗಿದ್ದರು. ಖರ್ಚಿಗಿಂತ ಕಡಿಮೆ ತಿಂದರೆ ತೂಕ ಇಳಿದೇ ಇಳಿಯುತ್ತದೆ. ಆದರೆ ಏನು ಇಳಿಯುತ್ತದೆ ಅನ್ನುವುದು ಪ್ರಶ್ನೆ. ಪ್ರೋಟೀನ್ ಸಾಲದೆ, ಭಾರ ಎತ್ತುವ ವ್ಯಾಯಾಮವೂ ಇಲ್ಲದೆ ವೇಗವಾಗಿ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ತೂಕದ ಯಂತ್ರ ಎರಡನ್ನೂ ಒಂದೇ ಅಂತ ತೋರಿಸುತ್ತದೆ. ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಹೀಗೆ ಅವಸರದಲ್ಲಿ ಇಳಿಸುವವರಿಗೆ ಜಾಸ್ತಿ.

ಇನ್ನು, ತೂಕ ವಾರಗಟ್ಟಲೆ ಅಲ್ಲಾಡದೆ ನಿಲ್ಲುವುದು ಯಾಕೆ? ಒಂದು, ಮೈಯಲ್ಲಿ ನೀರು ನಿಲ್ಲುತ್ತದೆ. ಊಟ ಕಡಿಮೆ, ನಿದ್ದೆ ಕಡಿಮೆ, ವ್ಯಾಯಾಮ ಜಾಸ್ತಿ ಆದಾಗ ಹೀಗಾಗುತ್ತದೆ. ಇನ್ನೊಂದು ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಬೆಳಗ್ಗೆ ಒಂದು ಗಂಟೆ ನಡೆದವರು ಉಳಿದ ದಿನ ಕದಲುವುದೇ ಇಲ್ಲ. ಸುಸ್ತು. ಲಿಫ್ಟ್ ಹಿಡಿಯುತ್ತಾರೆ, ಬಟ್ಟೆ ಒಣಗಿಸಲು ಮಗಳನ್ನು ಕರೆಯುತ್ತಾರೆ, ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕಿಗೆ ರಿಕ್ಷಾ ಹತ್ತುತ್ತಾರೆ. 70 ಕೆ.ಜಿ.ಯವರು ಐದು ಕಿಲೋಮೀಟರ್ ನಡೆದರೆ ಹೆಚ್ಚುವರಿ ಖರ್ಚು ಸುಮಾರು 200 ಕ್ಯಾಲೊರಿ ಅಷ್ಟೇ. ಅದನ್ನು ಇಡೀ ದಿನದ ಕುಳಿತಿರುವಿಕೆ ಸುಲಭವಾಗಿ ತಿಂದುಹಾಕುತ್ತದೆ. ಮೂರನೆಯದು ಶನಿವಾರ ಭಾನುವಾರ. ವಾರವೆಲ್ಲ ಹಸಿದವರು ಮೆಹಂದಿ ಮನೆಯ ಕೋರಿ ರೊಟ್ಟಿಯ ಎದುರು ಕೂತಾಗ ಅಳತೆ ಉಳಿಯುವುದು ಹೇಗೆ?

ಬೆವರಿನ ಬಗ್ಗೆ ಒಂದು ಮಾತು. ನಮ್ಮ ಊರ ಗಾಳಿಯಲ್ಲಿ ತೇವ ಎಷ್ಟು ಅಂದರೆ ಸುಮ್ನೆ ನಿಂತರೂ ಬೆವರು. ಜಿಮ್‌ನಲ್ಲಿ ಅಂಗಿ ತೊಯ್ದುಹೋದರೆ "ಒಳ್ಳೆ ಕರಗಿತು" ಅಂತ ಖುಷಿ ಪಡುವವರಿದ್ದಾರೆ. ಅದು ನೀರು, ಉಪ್ಪು. ಎರಡು ಲೋಟ ಮಜ್ಜಿಗೆ ಕುಡಿದರೆ ಆ ತೂಕ ವಾಪಸು. ವಾಪಸು ಬರಲೂಬೇಕು. ಪ್ಲಾಸ್ಟಿಕ್ ಜಾಕೆಟ್ ಹಾಕಿ ಪಣಂಬೂರು ಬೀಚಿನಲ್ಲಿ ಓಡುವವರನ್ನು ನೋಡಿದರೆ ನಿಲ್ಲಿಸಿ ಹೇಳಬೇಕು ಅನಿಸುತ್ತದೆ.

ಹಾಗಾದರೆ ಎಷ್ಟು ತಿನ್ನಬೇಕು? ಕ್ರೀಡಾ ವೈದ್ಯರು ಬಳಸುವ ಒಂದು ಲೆಕ್ಕ ನನಗೆ ತುಂಬಾ ಇಷ್ಟ. ತಿಂದ ಕ್ಯಾಲೊರಿಯಿಂದ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆಯಿರಿ. ಉಳಿದದ್ದು ದೇಹದ ಮನೆಖರ್ಚಿಗೆ. ಅದನ್ನು ಕೊಬ್ಬು ಬಿಟ್ಟು ಉಳಿದ ತೂಕದಿಂದ ಭಾಗಿಸಿ. ಕೆ.ಜಿ.ಗೆ 30 ಕ್ಯಾಲೊರಿಗಿಂತ ಕೆಳಗೆ ಇಳಿದು, ಅಲ್ಲೇ ಬಹುಕಾಲ ಉಳಿದರೆ ಹಾರ್ಮೋನ್ ಏರುಪೇರಾಗುವ ಸಾಧ್ಯತೆ ಹೆಚ್ಚು. ಇದು ಎಲ್ಲರಿಗೂ ಒಂದೇ ಗೆರೆ ಅಲ್ಲ, ಒಬ್ಬೊಬ್ಬರಿಗೆ ಸ್ವಲ್ಪ ಆಚೀಚೆ. ನಮ್ಮ 70 ಕೆ.ಜಿ.ಯ ಹೆಂಗಸಿಗೆ ಕೊಬ್ಬು ಬಿಟ್ಟರೆ 45 ಕೆ.ಜಿ. ಅಂದುಕೊಳ್ಳಿ. ಮನೆಖರ್ಚಿಗೆ 1350 ಉಳಿಯಬೇಕು. ವ್ಯಾಯಾಮಕ್ಕೆ 300 ಹೋದರೆ ದಿನಕ್ಕೆ 1650 ತಿನ್ನಬೇಕು.

ಈ 1650 ಅವರ ಖರ್ಚಿಗಿಂತ ಸುಮಾರು 400 ಕಡಿಮೆ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ಹಾಗಾಗಿ ತಿಂಗಳಿಗೆ ಒಂದೂವರೆ ಕೆ.ಜಿ. ಹತ್ತಿರ ಇಳಿಯುತ್ತದೆ. "ಅಷ್ಟೇನಾ?" ಅಂತ ಕೇಳುತ್ತಾರೆ. ಹೌದು, ಅಷ್ಟೇ. ಹತ್ತು ವರ್ಷದಲ್ಲಿ ನಿಧಾನವಾಗಿ ಬಂದದ್ದು ಅಣ್ಣನ ಮಗನ ಮದುವೆಯೊಳಗೆ ಹೋಗಬೇಕು ಅಂತ ಯಾಕೆ ಹಟ? ಅವಸರದಲ್ಲಿ ಇಳಿಸಿದವರ ಕಥೆಯೂ ನಮ್ಮ ಮುಂದಿದೆ. ಅಮೆರಿಕದ ಒಂದು ಟಿ.ವಿ. ತೂಕ ಇಳಿಸುವ ಸ್ಪರ್ಧೆಯಲ್ಲಿ ಇದ್ದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿ, 2016ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚಿನವರ ತೂಕ ಬಹುಪಾಲು ಮರಳಿ ಬಂದಿತ್ತು. ಆದರೆ ಮಲಗಿದ್ದಾಗಿನ ಖರ್ಚು ಇರಬೇಕಾದದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿ ಕಡಿಮೆಯೇ ಉಳಿದಿತ್ತು.

ಈಗ ಬಟ್ಟಲಿನ ವಿಷಯಕ್ಕೆ ಬರುತ್ತೇನೆ. ನನಗೆ ಹೇಳಲು ಖುಷಿ ಇರುವುದು ಇದೇ.

ಕುಚ್ಚಲಕ್ಕಿ ಅನ್ನದ ಮೇಲೆ ಇಷ್ಟು ಅಪವಾದ ಯಾಕೆ ಬಂತೋ. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವಾಗ ತೌಡಿನಲ್ಲಿರುವ ಬಿ ವಿಟಮಿನ್‌ಗಳ ಒಂದಷ್ಟು ಪಾಲು ಕಾಳಿನ ಒಳಗೆ ಸೇರುತ್ತದೆ. ಬೆಳ್ತಿಗೆಗಿಂತ, ಅಂದರೆ ಬೇಯಿಸದ ಭತ್ತದ ಬಿಳಿ ಅಕ್ಕಿಗಿಂತ, ಇದು ನಿಧಾನ ಜೀರ್ಣವಾಗುತ್ತದೆ, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನೇಜಿ ನೆಡುತ್ತಿದ್ದ ಹೆಂಗಸರು ಗದ್ದೆ ಹುಣಿಯಲ್ಲಿ ಕೂತು ಕುಡಿಯುತ್ತಿದ್ದದ್ದು ಇದೇ ಅಕ್ಕಿಯ ಗಂಜಿ. ನಾವು ಅವರಷ್ಟು ದುಡಿಯುವುದಿಲ್ಲ, ಹಾಗಾಗಿ ಅವರಷ್ಟು ಉಣ್ಣಬೇಕಿಲ್ಲ. ದಿನಕ್ಕೆ 150 ಗ್ರಾಂ ಅಕ್ಕಿ, ಎರಡು ಹೊತ್ತಿಗೆ ಹಂಚಿ ಉಂಡರೆ ಸುಮಾರು 520 ಕ್ಯಾಲೊರಿ. 1650ರ ಲೆಕ್ಕದಲ್ಲಿ ಇದಕ್ಕೆ ಧಾರಾಳ ಜಾಗ ಇದೆ.

ಅನ್ನದ ಪಕ್ಕದಲ್ಲಿ ಏನಿದೆ ಅನ್ನುವುದನ್ನು ಹೆಚ್ಚು ಯೋಚಿಸಬೇಕು. ಆರೋಗ್ಯವಂತರಿಗೆ ಒಂದು ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಅಂತ ನಮ್ಮ ದೇಶದ ಶಿಫಾರಸು. ತೂಕ ಇಳಿಸುತ್ತಾ ವ್ಯಾಯಾಮ ಮಾಡುವವರಿಗೆ 1.2ರಿಂದ 1.6 ಗ್ರಾಂ ಇದ್ದರೆ ಮಾಂಸಖಂಡ ಉಳಿಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು. 70 ಕೆ.ಜಿ.ಗೆ ಕಡಿಮೆ ಅಂದರೂ 84 ಗ್ರಾಂ ಬೇಕು. ಮೀನು ತಿನ್ನುವವರಿಗೆ ಇದು ಕಷ್ಟವೇ ಅಲ್ಲ. 100 ಗ್ರಾಂ ಬಂಗುಡೆಯಲ್ಲಿ 19 ಗ್ರಾಂ ಆಸುಪಾಸು ಇದೆ, ಬೂತಾಯಿಯೂ ಹಾಗೇ. ಜೊತೆಗೆ ಹೃದಯಕ್ಕೆ ಒಳ್ಳೆಯ ಒಮೇಗಾ-3. ಅಂಜಲ್‌ಗೆ ಕೊಡುವ ದುಡ್ಡು ಕೊಡಬೇಕಾಗಿಲ್ಲ, ಬೂತಾಯಿ ಪುಳಿಮುಂಚಿ ಸಾಕು. ಕಾವಲಿಯಲ್ಲಿ ಎಣ್ಣೆ ಸುರಿದು ಹುರಿದದ್ದಾದರೆ ಲೆಕ್ಕ ಬೇರೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ತೆಂಗಿನೆಣ್ಣೆಯಾದರೂ ಅಷ್ಟೇ. ಜೂನ್ ಜುಲೈಯಲ್ಲಿ, ಬೋಟುಗಳು ದಕ್ಕೆಯಲ್ಲಿ ಕಟ್ಟಿ ನಿಂತ 61 ದಿನ, ಒಣಮೀನು ಮತ್ತು ಮೊಟ್ಟೆ.

ಉಡುಪಿ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಸ್ವಲ್ಪ ಹೆಚ್ಚು ಗಮನ ಬೇಕು. ತಂಬುಳಿ, ಸಾರು, ಪಲ್ಯ, ಅನ್ನ ರುಚಿಗೆ ಸರಿ, ಪ್ರೋಟೀನ್ ಕಡಿಮೆ. ಕೋಸಂಬರಿಯನ್ನು ಬಾಳೆಎಲೆಯ ತುದಿಯಲ್ಲಿ ಒಂದು ಚಮಚ ಬಡಿಸುವುದು ಬಿಟ್ಟು ಒಂದು ಬೋಗುಣಿ ತಿನ್ನಬಹುದು. ಹುರುಳಿಯ 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅದನ್ನು ಬೇಯಿಸಿದ ನೀರಿನ ಸಾರು ಮಾತ್ರ ಉಂಡು ಕಾಳನ್ನು ದನಕ್ಕೆ ಹಾಕುವುದು ನಿಲ್ಲಬೇಕು. ಹೆಸರುಕಾಳು, ಅಲಸಂಡೆ, ಕಡಲೆ, ಗಟ್ಟಿ ಮೊಸರು, ಪನೀರ್, ಸೋಯಾ ಎಲ್ಲ ದಿನಕ್ಕೆ ಒಂದೆರಡು ಬಾರಿ ಬರಬೇಕು. ನೀರುದೋಸೆ ಅಕ್ಕಿ ಮತ್ತು ನೀರು ಅಷ್ಟೇ. ಬೆಲ್ಲ-ಕಾಯಿಯ ಜೊತೆ ಆರು ತಿನ್ನುವ ಬದಲು ಕಡಲೆ ಗಸಿಯ ಜೊತೆ ಮೂರು ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ತಡೆಯುತ್ತದೆ. ತೆಂಗಿನಕಾಯಿ ಪೂರ್ತಿ ಬಿಡಬೇಡಿ. 100 ಗ್ರಾಂ ತುರಿಯಲ್ಲಿ 350 ಕ್ಯಾಲೊರಿ ಇದೆ ಅಂತ ನೆನಪಿಟ್ಟು ಅಳತೆಯಲ್ಲಿ ಹಾಕಿ.

"ಉಪವಾಸ ನಮ್ಮ ಸಂಪ್ರದಾಯದಲ್ಲೇ ಉಂಟಲ್ಲ?" ಅಂತ ನಮ್ಮ ಚಿಕ್ಕಮ್ಮ ಕೇಳಿದ್ದರು. ಉಂಟು ಚಿಕ್ಕಮ್ಮ. ಏಕಾದಶಿ ದಿನ ಉಡುಪಿ ಕೃಷ್ಣ ಮಠದಲ್ಲಿ ಊಟವಿಲ್ಲ. ಆದರೆ ಮರುದಿನ ದ್ವಾದಶಿ, ಬೆಳಗ್ಗೆ ಬೇಗನೆ ಪೂಜೆ ಮುಗಿಸಿ ಪಾರಣೆ. ಆ ಪಾರಣೆಗೂ ಹೊತ್ತು ಗೊತ್ತುಮಾಡಿದ್ದಾರೆ, ಮೀರುವ ಹಾಗಿಲ್ಲ. ಉಪವಾಸ ಮಾಡಿದವರು ಉಣ್ಣಲೇಬೇಕು ಅಂತ ಅದರಲ್ಲೇ ಇದೆ. ಈಗಿನ ಡಯಟ್‌ನಲ್ಲಿ ಪಾರಣೆಯ ದಿನವೇ ಬರುವುದಿಲ್ಲ, ಅಲ್ವಾ? ಶುಗರ್‌ಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟು ನಡೆದರೆ ಸಕ್ಕರೆ ಅಂಶ ಅಪಾಯಕ್ಕೆ ಇಳಿಯಬಹುದು. ಅವರು ವೈದ್ಯರಲ್ಲಿ ಡೋಸ್ ಮಾತಾಡದೆ ಊಟ ಕಡಿಮೆ ಮಾಡಲೇಬಾರದು.

ನಮ್ಮ ಅಕ್ಕ ಈಗ ಮಧ್ಯಾಹ್ನ ಅನ್ನ ಉಣ್ಣುತ್ತಾರೆ. ಮೊದಲ ಎರಡು ವಾರ ತೂಕ ಸ್ವಲ್ಪ ಏರಿದಾಗ ಹೆದರಿದ್ದರು. ಖಾಲಿಯಾದ ಸ್ನಾಯುಗಳು ನೀರಿನೊಂದಿಗೆ ಸಕ್ಕರೆ ಅಂಶ ತುಂಬಿಕೊಳ್ಳುವಾಗ ಹಾಗಾಗುವುದು ಸಹಜ, ಅದು ಕೊಬ್ಬಲ್ಲ. ಈಗ ಇಳಿಯುವುದು ನಿಧಾನ, ಆದರೆ ನಡೆಯುವಾಗ ಮಾತಾಡುತ್ತಾರೆ, ನಗುತ್ತಾರೆ. ಜುಂಬಾ ವಾರಕ್ಕೆ ಎರಡು ದಿನ ಬಿಟ್ಟು ಡಂಬೆಲ್ ಹಿಡಿದಿದ್ದಾರೆ.

ನನಗೆ ಇವರಿಗಿಂತ ಹೆಚ್ಚು ಚಿಂತೆ ಹುಡುಗಿಯರದ್ದು. ಮಣಿಪಾಲದ, ಮಂಗಳೂರಿನ ಹಾಸ್ಟೆಲುಗಳಲ್ಲಿ ರಾತ್ರಿ ಮೆಸ್‌ಗೆ ಹೋಗದೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಟ್ರೆಡ್‌ಮಿಲ್ ಹತ್ತುವ ಹತ್ತೊಂಬತ್ತರ ಹುಡುಗಿಯರು. ಮೂಳೆ ಗಟ್ಟಿಯಾಗುವ ಕೆಲಸ ಹೆಚ್ಚು ಕಡಿಮೆ ಮೂವತ್ತರೊಳಗೆ ಮುಗಿಯುತ್ತದೆ. ಆ ವಯಸ್ಸಿನಲ್ಲಿ ಊಟ ಸಾಲದೆ ಮುಟ್ಟು ನಿಂತರೆ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆ ಸೊರಗುತ್ತದೆ. ಓಡುವ ಹುಡುಗಿಯರ ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಬರುವುದು ಹೀಗೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ಒಂದು ಹೆಸರನ್ನೇ ಕೊಟ್ಟಿತು, ಗಂಡು ಹುಡುಗರಿಗೂ ಇದು ತಪ್ಪಿದ್ದಲ್ಲ ಅಂತಲೂ ಹೇಳಿತು.

ಮನೆಗೆ ರಜೆಗೆ ಬಂದ ಮಗಳು ಸಣ್ಣಗಾಗಿದ್ದಾಳೆ ಅಂತ ಹೊಗಳುವ ಮೊದಲು ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಅಮ್ಮಂದಿರು ಕೇಳಬೇಕು. ಮೂರು ತಿಂಗಳು ಆಗಿಲ್ಲ ಅಂದರೆ ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಹೋಗುವಾಗ ಅವಳು ದಿನಕ್ಕೆ ಏನು ತಿನ್ನುತ್ತಾಳೆ, ಎಷ್ಟು ಓಡುತ್ತಾಳೆ ಅಂತ ಒಂದು ಚೀಟಿಯಲ್ಲಿ ಬರೆದು ತೆಗೆದುಕೊಂಡು ಹೋಗಿ. ಥೈರಾಯ್ಡ್, ಪಿಸಿಓಡಿ ಪರೀಕ್ಷೆಯ ಜೊತೆಗೆ ಆ ಚೀಟಿಯನ್ನೂ ವೈದ್ಯರು ನೋಡಲಿ.